ಓಗೊಟ್ಟ ನೆಲ

ಒಂದಾನೊಂದು ಕಾಲದಲ್ಲಿ, ಗಡಿಯಾರ ಗಿಡಿಯಾರ ಏನೂ ಇಲ್ಲದಾಗ, ಕುರಿ ಹೊರಟ್ರೆ ಬೆಳಗು, ಕುರಿ ಮನೆಗೆ ಬಂದ್ರೆ ಸಂಜೆ ಅಂತ ಜನ ಬದುಕ್ತಿದ್ದಾಗ, ಏಳುಗುಡ್ಡದ ಸೀಮೆ ಅಂತ ಒಂದು ಸೀಮೆ ಇತ್ತಂತೆ. ಹೊದಿಕೆ ಸರಿಯಾಗಿ ಹೊದ್ಕೋ, ಕಾಲು ಆಚೆ ಹಾಕಬೇಡ. ನಾನು ಹೇಳ್ತಾ ಹೋಗ್ತೀನಿ, ನೀನು ಹೂಂ ಅಂತಿರಬೇಕು. ಹೂಂ ಅನ್ನೋದು ನಿಂತ್ರೆ ನಾನೂ ನಿಲ್ಲಿಸಿಬಿಡ್ತೀನಿ, ಗೋಡೆಗೆ ಕತೆ ಹೇಳೋಕೆ ನನಗೇನು ಹುಚ್ಚೇನೇ? ಸಂಜೆ ಟೀವಿ ನೋಡ್ತಾ ಕೇಳಿದ್ಯಲ್ಲ, ಯಾವುದೋ ದೇಶದ ಹೆಂಗಸರು ಫೋಟೋ ಎದೆಗೆ ಅವುಚ್ಕೊಂಡು ಬೀದೀಲಿ ಸುಮ್ನೆ ಕೂತಿದಾರಲ್ಲಜ್ಜಿ, ಯಾಕೆ ಅಂತ. ಆ ದೇಶದ ಸಮಾಚಾರ ನನಗೆ ಗೊತ್ತಿಲ್ಲ ಕಣೇ. ಈ ಕತೆ ಗೊತ್ತು, ಅಷ್ಟೆ.

ಆ ಸೀಮೇಲಿ ಇದ್ದೋರೆಲ್ಲ ಕುರಿ ಕಾಯೋ ಜನವಂತೆ. ದೊರೆಯ ಮುತ್ತಜ್ಜನೂ ಕುರಿ ಕಾದೋನೇ, ಆಮೇಲೆ ಕೋಟೆ ಕಟ್ಟಿಸಿ ದೊಡ್ಡಮನುಷ್ಯ ಆದ. ಅವರಲ್ಲಿ ಮನೆಗೊಂದು ಕೂಗು ಇತ್ತಂತೆ. ಗುಡ್ಡದಲ್ಲಿ ಮಂಜು ಕವಿದು ಮಂದೆಗಳು ಬೆರೆತು ಹೋದಾಗ ಅವರವರು ಅವರ ಕೂಗು ಹಾಕಿದ್ರೆ ಆ ಮನೆ ಕುರಿ ಮಾತ್ರ ಕಿವಿ ನಿಮಿರಿಸ್ಕೊಂಡು ಬಂದುಬಿಡ್ತಿದ್ವಂತೆ. ಕುರಿಗೆ ಮಾತ್ರ ಅಲ್ಲ, ಮನುಷ್ಯರಿಗೂ ಅದೇ ಕಟ್ಟಳೆ. ತನ್ನ ಮನೆ ಕೂಗು ಕಿವಿಗೆ ಬಿತ್ತೋ, ಊಟಕ್ಕೆ ಕೂತಿರಲಿ, ಕೋಪ ಮಾಡ್ಕೊಂಡು ಹೋಗಿರಲಿ, ಓಗೊಡಲೇಬೇಕು. ಓಗೊಡದೇ ಹೋದ್ರೆ ಇವನು ಸತ್ತ ಅಂತ ಮನೆಯವರು ತಲೆಮೇಲೆ ನೀರು ಹಾಕ್ಕೊಳ್ತಿದ್ರಂತೆ. ತೊಟ್ಟಿಲಲ್ಲಿರೋ ಕೂಸಿಗೆ ಅವ್ವ ಅನ್ನೋದು ಕಲಿಸೋಕೂ ಮುಂಚೆ ಈ ಓಗೊಡೋದು ಕಲಿಸ್ತಿದ್ರು.

ಇನ್ನೊಂದು ಕಟ್ಟಳೆ ಕರಿಕಂಬಳೀದು. ಜಗಳ ಬಂದು ಬಾಯಿಗೆ ಬಾಯಿ ಹತ್ತಿದಾಗ ನೆಲದ ಮೇಲೆ ಒಂದು ಕರಿಕಂಬಳಿ ಹಾಸಿಬಿಡೋರಂತೆ. ಹಾಸಿದ್ರೆ ಅದು ಗದ್ದುಗೆ. ಅದರ ಮೇಲೆ ಚಪ್ಪಲಿ ಮೆಟ್ಟಿ ಹತ್ತೋ ಹಾಗಿಲ್ಲ, ಕೈಯಲ್ಲಿ ಕೋಲು, ಕತ್ತಿ, ಕಲ್ಲು ಇರೋ ಹಾಗಿಲ್ಲ, ಅದರ ಮೇಲೆ ಕೂತು ಸುಳ್ಳು ಆಡೋ ಹಾಗಿಲ್ಲ. ಇವೆರಡು ಕಟ್ಟಳೆ ನೆನಪಿಟ್ಕೋ. ಹೂಂ ಅನ್ನು. ಹಾಂ.

ಆ ಸೀಮೇಲಿ ಮಾಳವ್ವ ಅಂತ ಗಂಡ ಇಲ್ಲದ ಹೆಂಗಸು ಒಬ್ಬಳು ಇದ್ಲಂತೆ. ಅವಳಿಗೊಬ್ಬನೇ ಮಗ, ಚಿಕ್ಕೀರ ಅಂತ. ಆಗ ದೊರೆಗೂ ಹೊಳೆಯಾಚೆ ಜನಕ್ಕೂ ಯುದ್ಧ ನಡೀತಿತ್ತಂತೆ, ಹೊಳೆದಂಡೆ ಹುಲ್ಲುಗಾವಲು ಯಾರದು ಅಂತ. ಎಷ್ಟು ಕಾಲದಿಂದ ನಡೀತಿತ್ತು ಅಂದ್ರೆ, ಆ ಹುಲ್ಲು ಮೇಯೋ ಕುರೀನೆಲ್ಲ ದಂಡಿನೋರೇ ತಿಂದು ತೇಗಿದ್ರು, ಹುಲ್ಲು ಮಾತ್ರ ಎದೆಮಟ ಬೆಳೆದು ಒಣಗ್ತಾ ನಿಂತಿತ್ತಂತೆ. ದೊರೆಯ ಕಡೆಯೋರು ಮನೆಮನೆಗೂ ಬಂದು ಹುಡುಗರ ಕೈಗೆ ಈಟಿ ಕೊಡೋರು. ಚಿಕ್ಕೀರನಿಗೂ ಕೊಟ್ರು. ಅವನು ಅದನ್ನ ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟುಬಿಟ್ನಂತೆ. ಆಚೆ ದಡದೋರ ಮನೇಲಿ ನಾನು ಮಜ್ಜಿಗೆ ಕುಡಿದಿದೀನಿ, ಅವರ ಹುಡುಗರೂ ನಮ್ಮ ಹಟ್ಟೀಲಿ ಮಲಗಿದಾರೆ, ಅವರ ಹೊಟ್ಟೆಗೆ ನಾನು ಇದನ್ನ ಚುಚ್ಚಲ್ಲ ಅಂದನಂತೆ. ಬೈಲಿಲ್ಲ, ಕೂಗಾಡಲಿಲ್ಲ, ಇಷ್ಟೇ ಅಂದಿದ್ದು.

ಮಾರನೇ ದಿನ ಮಟಮಟ ಮಧ್ಯಾಹ್ನ, ಚಿಕ್ಕೀರ ರೊಟ್ಟಿ ಮುರಿದು ಬಾಯಿಗಿಡೋ ಹೊತ್ತಿಗೆ ಕೋಟೆಯಿಂದ ಜನ ಬಂದ್ರಂತೆ. ಏನಿಲ್ಲ ಮಾಳವ್ವ, ಎರಡು ಮಾತು ಕೇಳೋದಿದೆ, ರೊಟ್ಟಿ ಆರೋದ್ರೊಳಗೆ ಕಳಿಸ್ಕೊಡ್ತೀವಿ ಅಂದ್ರಂತೆ. ರೊಟ್ಟಿ ಆರ್ತು. ಸಂಜೆ ಆಯ್ತು. ಮಾಳವ್ವ ಆ ಮುರಿದ ರೊಟ್ಟಿ ಮೇಲೆ ಮಂಕರಿ ಮುಚ್ಚಿಟ್ಟು ಕೋಟೆ ಬಾಗಿಲಿಗೆ ಹೋದ್ಲಂತೆ. ಬಾಗಿಲಲ್ಲಿ ಇದ್ದೋನು, ಮಧ್ಯಾಹ್ನ ಮನೆಗೆ ಬಂದು ಕರ್ಕೊಂಡು ಹೋಗಿದ್ನಲ್ಲ ಅವನೇ, ಯಾವ ಚಿಕ್ಕೀರ, ಅಂಥೋನು ಯಾರೂ ಇಲ್ಲಿಗೆ ಬಂದೇ ಇಲ್ಲ ಅಂದನಂತೆ. ಕಣ್ಣಲ್ಲಿ ಕಣ್ಣಿಟ್ಟು ಅಂದ. ಮಾಳವ್ವನಿಗೆ ಹೊಡೆದಿದ್ರೂ ಅಷ್ಟು ಭಯ ಆಗ್ತಿರಲಿಲ್ಲವಂತೆ.

ಆಮೇಲೆ ಡಂಗುರ ಸಾರಿಸಿದ್ರು. ಕೋಟೆಯೋರು ಯಾರನ್ನೂ ಕರ್ಕೊಂಡು ಹೋಗಿಲ್ಲ, ಕರ್ಕೊಂಡು ಹೋದ್ರು ಅಂದೋರ್ನೂ ಕರ್ಕೊಂಡು ಹೋಗ್ತೀವಿ ಅಂತ! ನಗಬೇಡ ಕಣೇ, ಆಗ ಯಾರೂ ನಗಲಿಲ್ಲ. ಅಂಥ ಮನೆಗಳು ಆ ಸೀಮೇಲಿ ಬೇಕಾದಷ್ಟು ಇದ್ವಂತೆ. ಒಬ್ಬಳ ಗಂಡ, ಒಬ್ಬಳ ತಮ್ಮ, ಇನ್ನೊಬ್ಬಳ ಮಾವ, ಯುದ್ಧ ಸಾಕು ಅಂದೋರೆಲ್ಲ ಹೀಗೇ ಊಟದ ಮುಂದಿಂದ ಎದ್ದು ಹೋದೋರು. ಬಾವಿಕಟ್ಟೇಲಿ ಹೆಂಗಸರು ಸೇರಿದ್ರೆ ಆ ಹೆಸರು ಯಾರೂ ಎತ್ತುತ್ತಿರಲಿಲ್ಲ. ಪಕ್ಕದ ಮನೆ ದುಗ್ಗವ್ವನ ಗಂಡ ಸಣ್ಣಕೆಂಚ ಹೋಗಿ ಎರಡು ಮಳೆಗಾಲ ಕಳೆದಿತ್ತು, ಅವಳು ಮಾತ್ರ ದಿನಾ ಸಂಜೆ ಊಟಕ್ಕೆ ಎರಡು ಗಂಗಾಳ ಬೆಳಗಿ ಇಡ್ತಿದ್ಲಂತೆ.

ದಂಡಿನೋರು ತಿಂದು ಉಳಿಸಿದ ನಾಲ್ಕಾರು ಬಡಕಲು ಕುರಿ ಮಾಳವ್ವನ ಹತ್ರ ಇದ್ವು. ಅವನ್ನ ಅಟ್ಕೊಂಡು ಅವಳು ದಿನಾ ಕೋಟೆ ಸುತ್ತಾನೇ ತಿರುಗ್ತಿದ್ಲಂತೆ, ಮಗನ ಸುಳಿವು ಏನಾದ್ರೂ ಸಿಗುತ್ತಾ ಅಂತ. ಕೋಟೆ ಮುಂದೆ ಒಂದು ಬಯಲು. ಅಲ್ಲಿ ಹಿಂದೆ ಹಗೇವು ಇದ್ವಂತೆ. ಹಗೇವು ಅಂದ್ರೆ ನೆಲದೊಳಗೆ ತೋಡಿದ ಕಣಜ ಕಣೇ, ಮೇಲೆ ಬಾಯಿ ಒಬ್ಬ ಇಳಿಯೋಷ್ಟು, ಒಳಗೆ ದೊಡ್ಡ ಕೋಣೆಯಷ್ಟು ಜಾಗ, ಜೋಳ ತುಂಬಿ ಬಂಡೆ ಮುಚ್ಚಿ ಮಣ್ಣು ಎಳೆದುಬಿಡೋರು. ಆ ಜೋಳವೆಲ್ಲ ದಂಡಿಗೆ ಹೋಗಿ ಯಾವುದೋ ಕಾಲ ಆಗಿತ್ತು. ಈಗ ಆ ಬಯಲಲ್ಲಿ ಹುಲ್ಲು ಹಸಿರಾಗಿ, ಎಳೇದಾಗಿ, ನೋಡಿದ್ರೆ ನಮಗೇ ತಿನ್ನಬೇಕು ಅನ್ನಿಸೋ ಹಾಗೆ ಬೆಳೆದಿತ್ತಂತೆ. ಮಾಳವ್ವ ಕುರಿ ಬಿಟ್ಲು. ಬಿಟ್ರೆ ಆ ಹಸಿದ ಕುರಿಗಳು ಹುಲ್ಲಿಗೆ ಬಾಯಿ ಹಾಕಲಿಲ್ಲ. ಬಯಲಿನ ನಡುವೆ ಒಂದು ಜಾಗದ ಸುತ್ತ ಗುಂಡಗೆ ನಿಂತ್ಕೊಂಡು, ತಲೆ ಬಗ್ಗಿಸಿ, ಕಿವಿ ನೆಲದ ಕಡೆ ಮಾಡಿ, ಒಂದೂ ಮಿಸುಕದೆ ನಿಂತ್ವಂತೆ. ನೊಣ ಕೂತ್ರೂ ಬಾಲ ಆಡಿಸಲಿಲ್ಲ.

ಮಾಳವ್ವ ಹೊಯ್ ಅಂದ್ಲು, ಕೋಲು ಆಡಿಸಿದ್ಲು, ಊಹೂಂ. ಹೊತ್ತು ಮುಳುಗ್ತಾ ಬಂತು. ಸರಿ, ಮನೆಗಾದ್ರೂ ಬರಲಿ ಅಂತ ಕೈ ಬಾಯಿಗಿಟ್ಟು ತನ್ನ ಮನೆ ಕೂಗು ಹಾಕಿದ್ಲಂತೆ, ಊಲೂಲೂಲೇ... ಬಾ... ಅಂತ.

ಕಾಲಡಿಯಿಂದ ಓಗೊಟ್ಟಿತಂತೆ.

ಸಣ್ಣಗೆ, ಬಹಳ ದೂರದಿಂದ, ಬಾವಿಯೊಳಗಿಂದ ಬಂದ ಹಾಗೆ, ಊಲೂ... ಬಂದೇ... ಅಂತ. ಮಾಳವ್ವನ ಪಾದಕ್ಕೆ ಆ ದನಿ ಮೊದಲು ಗೊತ್ತಾಯ್ತಂತೆ, ಕಿವಿಗೆ ಆಮೇಲೆ. ಅವಳು ಅಲ್ಲೇ ಮಂಡಿಯೂರಿ ನೆಲಕ್ಕೆ ಕೆನ್ನೆ ಹಚ್ಚಿದ್ಲು. ಚಿಕ್ಕೀರಾ, ಮಗಾ ಅಂದ್ಲು. ಮಾತಿಗೆ ಮಾತು ಬರಲಿಲ್ಲ. ಮೇಲಿನ ಮಾತು ಕೆಳಗೆ ಇಳೀತಿತ್ತು, ಕೆಳಗಿನ ಮಾತು ಹಗೇವಿನ ಬಂಡೆ ದಾಟಿ ಬರ್ತಿರಲಿಲ್ಲ. ಆದ್ರೆ ಮನೆ ಕೂಗು ಗುಡ್ಡದಿಂದ ಗುಡ್ಡಕ್ಕೆ ಮುಟ್ಟಲಿ ಅಂತ ಹೊಟ್ಟೆಯಾಳದಿಂದ ಎತ್ತೋದು ನೋಡು, ಅದೊಂದು ಮಾತ್ರ ಬಂಡೆನೂ ದಾಟ್ತಿತ್ತಂತೆ. ಕೋಟೆಯೋರು ಬಾಯಿಗೆ ಬೀಗ ಹಾಕಿದ್ರು, ಹೆಸರಿಗೆ ಬೀಗ ಹಾಕಿದ್ರು, ಕೂಗಿಗೆ ಹಾಕೋದು ಮರೆತಿದ್ರು. ಕುರಿ ಕರೆಯೋದಕ್ಕೆ ಯಾವ ದೊರೆ ತಾನೆ ಅಡ್ಡಿ ಮಾಡ್ತಾನೆ?

ಮಾರನೇ ದಿನ ಮಾಳವ್ವ ದುಗ್ಗವ್ವನ್ನ ಕರ್ಕೊಂಡು ಹೋದ್ಲಂತೆ. ದುಗ್ಗವ್ವ ತನ್ನ ಮನೆ ಕೂಗು ಹಾಕಿದ್ಲು. ಚಿಕ್ಕೀರನ ದನಿಗಿಂತ ಸ್ಪಷ್ಟವಾಗಿ, ಇಲ್ಲೇ ಹಿತ್ತಲಲ್ಲಿ ನಿಂತ ಹಾಗೆ, ಸಣ್ಣಕೆಂಚನ ದನಿ ಓಗೊಟ್ಟಿತಂತೆ. ದುಗ್ಗವ್ವ ನೆಲ ತಬ್ಕೊಂಡು ಅತ್ತುಬಿಟ್ಲು. ಆಮೇಲೆ ಒಬ್ಬಳಿಗೆ ಒಬ್ಬಳು ಹೇಳಿ, ಸಂಜೆ ಆಯ್ತು ಅಂದ್ರೆ ಆ ಬಯಲಿಗೆ ಹೆಂಗಸರ ಸಾಲೇ ಸಾಲು. ಕುರೀನೇ ಇಲ್ಲದೋರೂ ಕುರಿ ಕರೆಯೋಕೆ ಬಂದ್ರಂತೆ! ಮಾಳವ್ವ ತನ್ನ ಮದುವೆಯ ಕರಿಕಂಬಳಿ ತಂದು ಕುರಿ ನಿಂತಿದ್ದ ಜಾಗದಲ್ಲಿ ಹಾಸಿದ್ಲು. ಮಿಕ್ಕೋರೂ ಅದಕ್ಕೆ ಅಂಚು ಸೇರಿಸಿ ತಮ್ತಮ್ಮ ಕಂಬಳಿ ಹಾಸಿದ್ರು. ಕೂತ್ಕೊಂಡು ಒಬ್ಬೊಬ್ಬಳೇ ಕೂಗೋದು, ಕೆಳಗಿಂದ ಒಬ್ಬೊಬ್ಬನೇ ಓಗೊಡೋದು. ದಾರೀಲಿ ಹೋಗೋರು ಕಿವಿ ಮುಚ್ಕೊಂಡು ಓಡ್ತಿದ್ರಂತೆ. ಹೂಂ ಅನ್ನು. ಹೆದರ್ಕೆ ಆಗುತ್ತಾ? ನನ್ನ ಕೈ ಹಿಡ್ಕೋ.

ದೊರೆಗೆ ಸುದ್ದಿ ಹೋಯ್ತು. ಅವನು ಮೊದಲು ನಗಾರಿ ಬಾರಿಸೋರನ್ನ ಕಳಿಸಿದ್ನಂತೆ, ಆ ಸದ್ದಲ್ಲಿ ಈ ಸದ್ದು ಮುಳುಗಿ ಹೋಗಲಿ ಅಂತ. ಅವರು ಬಂದು ನೆಲದ ಮೇಲೆ ನಗಾರಿ ಇಟ್ಟು ಕೈ ಸೋಲೋವರೆಗೂ ಬಾರಿಸಿದ್ರು. ಹೆಂಗಸರು ಕಾಯ್ತಾ ಕೂತ್ರು. ಕೊನೆಗೆ ಕೈ ಸೋತು ಕೋಲು ಕೆಳಗಿಟ್ರಂತೆ. ಕೋಲು ಕೆಳಗಿಟ್ರೂ ನಗಾರಿ ನಿಲ್ಲಲಿಲ್ಲ. ಯಾರೂ ಮುಟ್ಟದೇ ಇದ್ರೂ ಅದರ ಚರ್ಮ ಗುಂಯ್ ಅಂತ ನಡುಗ್ತಾ, ಮನೆಮನೆಯ ಕೂಗನ್ನೆಲ್ಲ ಒಂದಾದ ಮೇಲೊಂದು ನುಡಿಸಿಬಿಟ್ಟಿತಂತೆ. ಬಾರಿಸೋರು ನಗಾರಿ ಅಲ್ಲೇ ಬಿಟ್ಟು ಬಿದ್ದಂಬೀಳ ಓಡಿದ್ರು, ಇವತ್ತಿಗೂ ತಿರುಗಿ ನೋಡಿಲ್ಲ ಅನ್ನು.

ಆಮೇಲೆ ದೊರೆ ಈಟಿಯೋರನ್ನ ಕಳಿಸಿದ. ಹೆಂಗಸರನ್ನ ಹೊಡೆದೋಡಿಸಿ ಅಂತ. ಈಟಿ ಮುಂದೆ ಮಾಡ್ಕೊಂಡು ಅವರು ಬರೋದು ನೋಡಿ ದುಗ್ಗವ್ವ ಸೊಂಟದಿಂದ ಕವಣೆ ಬಿಚ್ಚಿದ್ಲಂತೆ. ಕುರಿ ಕಾಯೋ ಹೆಂಗಸು, ತೋಳನ ಕಣ್ಣಿಗೇ ಗುರಿ ಇಟ್ಟು ಹೊಡೆಯೋಳು. ಕವಣೆಗೆ ಕಲ್ಲಿಟ್ಟು ಬೀಸಬೇಕು, ಅಷ್ಟರಲ್ಲಿ ಮಾಳವ್ವ ಅವಳ ಕೈ ಹಿಡಿದ್ಲು. ಬಿಡು ಅಕ್ಕಾ, ಎರಡು ವರ್ಷದ ಒಡಲಕಿಚ್ಚು ಇದು, ಒಬ್ಬನ್ನಾದ್ರೂ ಕೆಡವ್ತೀನಿ ಅಂದ್ಲು ದುಗ್ಗವ್ವ. ಅದಕ್ಕೆ ಮಾಳವ್ವ, ನನಗೂ ಕಿಚ್ಚಿದೆ ತಂಗೀ, ನನಗೂ ಕೈ ತುರಿಸುತ್ತೆ, ಆದ್ರೆ ಕಲ್ಲು ಇಟ್ಕೊಂಡು ಕೂತ್ರೆ ಇದು ಗದ್ದುಗೆ ಅಲ್ಲ, ಬರೀ ಕಂಬಳಿ. ಬರೀ ಕಂಬಳಿ ತುಳ್ಕೊಂಡು ಬರೋಕೆ ಅವರಿಗೆ ಎಷ್ಟು ಹೊತ್ತು? ಆಮೇಲೆ ಆ ಬಂಡೆ ಯಾರು ಎತ್ತುತ್ತಾರೆ? ನಮ್ಮೋರು ಅಲ್ಲೇ ಕೊಳೀತಾರೆ ಅಂದ್ಲಂತೆ. ದುಗ್ಗವ್ವ ಹಲ್ಲು ಕಚ್ಕೊಂಡು ಕಲ್ಲನ್ನ ಕಂಬಳಿಯಾಚೆ ಎಸೆದ್ಲು. ಈಟಿಯೋರು ಕಂಬಳಿ ಅಂಚಿಗೆ ಬಂದು ಗಕ್ಕನೆ ನಿಂತ್ರಂತೆ. ಅವರೂ ಕುರಿ ಕಾಯೋರ ಮಕ್ಕಳೇ ಅಲ್ವೇ? ಚಪ್ಪಲಿ ಕಾಲು ಎತ್ತಿದೋರು ಎತ್ತಿದ ಹಾಗೇ ನಿಂತ್ರು. ಆ ಸದ್ದಿಲ್ಲದ ಹೊತ್ತಲ್ಲಿ ಒಬ್ಬ ಹೆಂಗಸು ತನ್ನ ಕೂಗು ಹಾಕಿದ್ಲು, ಕೆಳಗಿಂದ ಓಗೊಟ್ಟಿತು, ಈಟಿ ಹಿಡಿದೋರಲ್ಲೂ ಒಬ್ಬ ಓಗೊಟ್ಟುಬಿಟ್ಟ! ಅದು ಅವನ ಮನೆ ಕೂಗು, ಕೂಗಿದ್ದು ಅವನ ಅವ್ವ, ಕೆಳಗಿದ್ದೋನು ಅವನಪ್ಪ. ಅಪ್ಪ ಯುದ್ಧದಲ್ಲಿ ಸತ್ತ ಅಂತ ಕೋಟೆಯೋರು ಅವನಿಗೆ ಹೇಳಿದ್ರಂತೆ. ಅವನು ಈಟಿ ಬಿಸಾಕಿ, ಚಪ್ಪಲಿ ಬಿಟ್ಟು, ಬಂದು ಅವ್ವನ ಪಕ್ಕ ಕೂತ. ಇನ್ನೊಬ್ಬ ಬಂದ. ಉಳಿದೋರು ತಲೆ ತಗ್ಗಿಸ್ಕೊಂಡು ವಾಪಸ್ ಹೋದ್ರು.

ಆಮೇಲೆ ದೊರೆಯೇ ಬಂದನಂತೆ. ಕುದುರೆ ಬಯಲಿಗೆ ಕಾಲಿಡಲಿಲ್ಲ, ಇಳಿದು ನಡ್ಕೊಂಡೇ ಬಂದ. ನೋಡೋಕೆ ಚೆಂದದ ಮನುಷ್ಯ, ಮಾತು ಬೆಣ್ಣೆ. ತಾಯಂದಿರೇ, ಇದು ಹೊಳೆಯಾಚೆಯೋರ ಮಾಟ, ಕೆಳಗೆ ಯಾರೂ ಇಲ್ಲ, ನಿಮ್ಮ ಮಕ್ಕಳು ಎಲ್ಲೋ ದೇಶಾಂತರ ಹೋಗಿದಾರೆ, ಮನೆಗೆ ನಡೀರಿ ಅಂದನಂತೆ. ಮಾಳವ್ವ ಎದ್ದು ಕೈಮುಗಿದ್ಲು. ಆಗಲಿ ಬುದ್ಧಿ, ಗದ್ದುಗೆ ಮೇಲೆ ಕೂತು ಅದನ್ನೇ ಮೂರು ಸಲ ಹೇಳಿಬಿಡಿ, ನಾವು ಕಂಬಳಿ ಸುತ್ಕೊಂಡು ಹೋಗ್ತೀವಿ, ಮತ್ತೆ ಈ ಕಡೆ ತಲೆ ಹಾಕಿ ಮಲಗಲ್ಲ ಅಂದ್ಲಂತೆ. ಅಂದೇನೋ ಅಂದುಬಿಟ್ಲು, ಆದ್ರೆ ಇವನು ಸುಳ್ಳು ಹೇಳಿ ದಕ್ಕಿಸ್ಕೊಂಡ್ರೆ ಮಗ ಹೋದ ಹಾಗೇ, ಕೊಟ್ಟ ಮಾತಿಗೆ ಎದ್ದು ಹೋಗಲೇಬೇಕು.

ದೊರೆ ನಕ್ಕ. ಕಂಬಳಿಗೆ ಹೆದರೋ ಕಾಲ ಅವನ ಮುತ್ತಜ್ಜಂದು. ಮೆಟ್ಟು ಬಿಟ್ಟ, ಕತ್ತಿ ಬಿಚ್ಚಿಟ್ಟ, ಚಕ್ಕಂಬಕ್ಕಳ ಹಾಕಿ ಕೂತ. ಇಲ್ಲಿ ಕೆಳಗೆ ಯಾರೂ ಇಲ್ಲ ಅಂದ. ಏನೂ ಆಗಲಿಲ್ಲ. ಆಕಾಶದಿಂದ ಸಿಡಿಲು ಬೀಳಲಿಲ್ಲ, ಭೂಮಿ ಬಾಯಿ ಬಿಡಲಿಲ್ಲ. ಇಲ್ಲಿ ಕೆಳಗೆ ಯಾರೂ ಇಲ್ಲ ಅಂದ, ಎರಡನೇ ಸಲ. ಗಾಳಿ ನಿಂತುಹೋಯ್ತಂತೆ. ಬಯಲಲ್ಲಿ ಒಂದು ಹುಲ್ಲುಕಡ್ಡಿ ಅಲ್ಲಾಡಲಿಲ್ಲ. ಮಾಳವ್ವ ಕಣ್ಣು ಮುಚ್ಕೊಂಡ್ಲು. ದೊರೆ ಮೂರನೇ ಸಲಕ್ಕೆ ಬಾಯಿ ತೆರೆದ.

ಆಗ ಕೆಳಗಿಂದ ಒಂದು ಕೂಗು ಬಂತಂತೆ. ಇಷ್ಟು ದಿನ ಮೇಲಿನೋರು ಕೂಗೋದು, ಕೆಳಗಿನೋರು ಓಗೊಡೋದು. ಈ ಸಲ ಯಾರೂ ಕರೀದೇ ಕೆಳಗಿಂದಲೇ ಕರೆದ್ರು. ಹೋ ಹೋ ಹೋ ಹೋಯ್ಯಾ... ಅಂತ, ಮುದಿ ದನಿ, ಸೀಳಿದ ದನಿ. ಆ ಕೂಗು ಹೆಂಗಸರಲ್ಲಿ ಯಾರದೂ ಅಲ್ಲ. ಅದು ಕೋಟೆ ಮನೇದು.

ದೊರೆಗೆ ಒಬ್ಬ ಅಣ್ಣ ಇದ್ನಂತೆ. ಪಟ್ಟ ಆಗಬೇಕಿದ್ದೋನು ಅವನೇ. ಹುಲ್ಲುಗಾವಲನ್ನ ಹೊಳೆಯಾಚೆಯೋರೂ ನಾವೂ ಒಂದೊಂದು ಮಾಸ ಮೇಯಿಸ್ಕೊಳ್ಳೋಣ, ಯುದ್ಧ ಯಾಕೆ ಅಂತ ಅಂದಿದ್ದೋನು. ಬೇಟೇಲಿ ಹಾವು ಕಚ್ಚಿ ಸತ್ತ ಅಂತ ತಮ್ಮ ಊರಿಗೆಲ್ಲ ಹೇಳಿ, ತಲೆ ಬೋಳಿಸ್ಕೊಂಡು ಅತ್ತಿದ್ದ. ಆ ಹಗೇವಿಗೆ ಎಲ್ಲರಿಗಿಂತ ಮೊದಲು ಇಳಿದೋನು ಅವನು. ತಮ್ಮನ ಕೈಯಿಂದಲೇ ಇಳಿದೋನು. ತನ್ನ ಮನೆಯೋರು ಯಾರಾದ್ರೂ ಮೇಲೆ ಬಂದಾರು ಅಂತ ಇಷ್ಟು ವರ್ಷ ಸುಮ್ನೆ ಕಾದಿದ್ನಂತೆ. ಈಗ ತಲೆ ಮೇಲೆ ತಮ್ಮನ ದನಿ ಕೇಳಿಸ್ತು, ಕರೆದ.

ದೊರೆ ಎರಡೂ ಕೈಲಿ ಬಾಯಿ ಮುಚ್ಕೊಂಡ. ಮತ್ತೆ ಬಂತು, ಹೋ ಹೋ ಹೋ ಹೋಯ್ಯಾ... ಅವನು ಚಿಕ್ಕೋನಿದ್ದಾಗ ಗುಡ್ಡದ ಮಂಜಲ್ಲಿ ತಪ್ಪಿಸ್ಕೊಂಡು ಅಳ್ತಾ ಕೂತಿದ್ದನಂತೆ, ಕಣಿವೆ ಇತ್ತು ಮುಂದೆ, ಒಂದು ಹೆಜ್ಜೆ ಇಟ್ಟಿದ್ರೆ ಹೋಗ್ತಿದ್ದ. ಆಗ ಇದೇ ಅಣ್ಣ ಇದೇ ಕೂಗು ಹಾಕಿ ಹುಡುಕಿ, ಹೆಗಲ ಮೇಲೆ ಹೊತ್ಕೊಂಡು ಬಂದಿದ್ದ. ತೊಟ್ಟಿಲಲ್ಲಿ ಕಲಿತಿದ್ದು ಕಣೇ, ಅದು ಎಲ್ಲಿ ಹೋಗುತ್ತೆ? ಮುಚ್ಚಿದ ಬೆರಳ ಸಂದೀಲೇ ಅವನ ಬಾಯಿಂದ ಬಂದುಬಿಡ್ತಂತೆ, ಹೋಯ್... ಇಲ್ಲಿದೀನಣ್ಣಾ... ಅಂತ, ಎಳೇ ಮಗುವಿನ ದನೀಲಿ. ಬಯಲೆಲ್ಲ ಕೇಳ್ತು. ಹೆಂಗಸರು ಯಾರೂ ಬೈಲಿಲ್ಲ, ಎದ್ದು ಬಡೀಲಿಲ್ಲ. ಕೆಳಗೆ ಯಾರಿದಾರೆ ಬುದ್ಧಿ ಅಂತ ಮಾಳವ್ವ ಮೆಲ್ಲಗೆ ಕೇಳಿದ್ಲಂತೆ. ದೊರೆ ಕಂಬಳಿಗೆ ಹಣೆ ಹಚ್ಚಿ, ನಮ್ಮಣ್ಣ ಇದಾನೆ, ಎಲ್ಲರೂ ಇದಾರೆ, ಬಂಡೆ ಎತ್ತಿ ಅಂದ.

ಮಣ್ಣು ಎಳೆದು ಬಂಡೆ ಸರಿಸಿದ್ರು. ಹಗೇವಿಗೆ ಇಳಿಯೋ ಮುಂಚೆ ದೀಪ ಇಳಿಬಿಡ್ತಾರೆ, ಕೆಟ್ಟಗಾಳಿ ಇದ್ರೆ ದೀಪ ಆರಿಹೋಗುತ್ತೆ. ಮಾಳವ್ವ ಹಗ್ಗ ಕಟ್ಟಿ ದೀಪ ಬಿಟ್ಲು. ದೀಪ ಆರಲಿಲ್ಲ, ಕೋಟೆ ಕಡೆಯಿಂದ ಗಂಜಿ ನೀರು ಬಿಡೋಕೆ ಒಂದು ಸಣ್ಣ ಕಿಂಡಿ ಇತ್ತಂತೆ, ಗಾಳೀನೂ ಅದರಲ್ಲೇ ಬರ್ತಿತ್ತು. ಅದರ ಬೆಳಕಲ್ಲಿ ಬರೀ ಕಣ್ಣು ಕಾಣಿಸ್ತಂತೆ, ಎಲ್ಲಾ ಮೇಲಕ್ಕೆ ನೋಡ್ತಿದ್ವು. ಒಬ್ಬೊಬ್ಬಳೂ ತನ್ನ ಕೂಗು ಹಾಕೋದು, ಒಬ್ಬೊಬ್ಬನೇ ಹತ್ತಿ ಬರೋದು. ದೊರೆಯ ಅಣ್ಣನ್ನ, ಅವತ್ತು ಅವನು ತಮ್ಮನ್ನ ಹೊತ್ತ ಹಾಗೇ, ಹೆಗಲ ಮೇಲೆ ಹೊತ್ತು ಮೇಲೆ ತಂದೋನು ತಮ್ಮ. ಚಿಕ್ಕೀರ ಮೇಲೆ ಬಂದಾಗ ಮಾಳವ್ವನಿಗೆ ಅವನ ಮುಖ ಗುರುತೇ ಸಿಗಲಿಲ್ಲ, ಮಣ್ಣಿನ ಬಣ್ಣ, ಮೂಳೆ ಚಕ್ಕಳ. ಅವ್ವಾ, ನನ್ನ ಬಿಳಿಕಾಲು ಟಗರು ಹೇಗಿದೆ ಅಂದನಂತೆ ಮೊದಲ ಮಾತಿಗೆ. ದಂಡಿನೋರು ಸಾರು ಮಾಡಿದ್ರು ಕಣಪ್ಪ, ನಿನ್ನ ರೊಟ್ಟಿ ಮಾತ್ರ ಮಂಕರಿ ಕೆಳಗೇ ಇದೆ ಅಂದ್ಲು ಮಾಳವ್ವ. ನಗು ಅಳು ಎರಡೂ ಒಟ್ಟಿಗೆ ಬಂತು ಇಬ್ಬರಿಗೂ. ಕಣ್ಣಿಗೆ ಸಂಜೆಬಿಸಿಲು ಚುಚ್ಚದ ಹಾಗೆ ಕರಿಕಂಬಳಿ ತಲೆತುಂಬ ಹೊದಿಸಿ ಅವನ್ನ ಮನೆಗೆ ಕರ್ಕೊಂಡು ಹೋದ್ಲಂತೆ.

ಕೊನೆಗೆ ದುಗ್ಗವ್ವ ಕೂಗಿದ್ಲು. ಕೆಳಗಿಂದ ಓಗೊಟ್ಟಿತು, ಎಂದಿನ ಹಾಗೆ ಸ್ಪಷ್ಟವಾಗಿ. ಯಾರೂ ಹತ್ತಿ ಬರಲಿಲ್ಲ. ಇಳಿದು ನೋಡಿದ್ರೆ ಹಗೇವು ಖಾಲಿ. ಮೇಲೆ ಬಂದೋರನ್ನ ಕೇಳಿದ್ರೆ ಅವರು ಮುಖಮುಖ ನೋಡ್ಕೊಂಡು, ತಾಯೀ, ಸಣ್ಣಕೆಂಚಣ್ಣ ಮೊದಲ ಮಳೆಗಾಲದಲ್ಲೇ ಹೋಗಿಬಿಟ್ಟ, ಅಲ್ಲೇ ಮೂಲೇಲಿ ಮಣ್ಣು ಮಾಡಿದೀವಿ ಅಂದ್ರಂತೆ. ಹಾಗಾದ್ರೆ ದಿನಾ ಸಂಜೆ ಓಗೊಟ್ಟೋರು ಯಾರು ಅಂದ್ಲು ದುಗ್ಗವ್ವ. ಅದು ನನಗೂ ಗೊತ್ತಿಲ್ಲ ಕಣೇ, ಕೇಳಬೇಡ.

ಆಮೇಲೆ ಎಲ್ಲಾ ಒಳ್ಳೇದಾಯ್ತು. ಅಣ್ಣ ದೊರೆ ಆದ, ತಮ್ಮ ಗದ್ದುಗೆ ಮುಂದೆ ಎಲ್ಲರ ಎದುರಿಗೆ ತಪ್ಪು ಒಪ್ಕೊಂಡು, ಉಳಿದ ಕಾಲವೆಲ್ಲ ಅದೇ ಬಯಲಲ್ಲಿ ಕಸ ಗುಡಿಸ್ಕೊಂಡು ಇದ್ದನಂತೆ. ಹೊಳೆಯಾಚೆಯೋರು ಬಂದ್ರು, ಹುಲ್ಲುಗಾವಲಲ್ಲಿ ಒಂದು ಮಾಸ ಇವರ ಕುರಿ, ಒಂದು ಮಾಸ ಅವರ ಕುರಿ. ಚಿಕ್ಕೀರನಿಗೆ ಆಚೆ ದಡದ ಹುಡುಗೀನೇ ತಂದ್ರು, ಮಜ್ಜಿಗೆ ಕುಡಿದಿದ್ನಲ್ಲ, ಆ ಮನೆಯೋಳೇ. ಒಳ್ಳೇ ಕಿಲಾಡಿ ಅವನು. ಆದ್ರೆ ಆ ಹಗೇವನ್ನ ಮಾತ್ರ ಯಾರೂ ತುಂಬಿಸಲಿಲ್ಲ. ದುಗ್ಗವ್ವ ದಿನಾ ಸಂಜೆ ಹೋಗಿ ಕೂಗೋಳು, ಓಗೊಡ್ತಿತ್ತು. ದುಗ್ಗವ್ವ ಹೋದ ಮೇಲೆ ಮಾಳವ್ವನ ಸೊಸೆ ಆ ಕೂಗು ಹಾಕಿದ್ಲಂತೆ, ಅವಳಾದ ಮೇಲೆ ಅವಳ ಮಗಳು. ಯಾವ ದೊರೆ ಬಂದ್ರೂ, ದಂಡು ಹೊರಡಿಸೋ ಮುಂಚೆ ಅಲ್ಲಿ ಮೆಟ್ಟು ಬಿಟ್ಟು, ಕತ್ತಿ ಬಿಚ್ಚಿಟ್ಟು, ಕಂಬಳಿ ಮೇಲೆ ಕೂತು ಆ ದನಿ ಕೇಳಲೇಬೇಕು ಅಂತ ಕಟ್ಟಳೆ ಮಾಡಿದ್ರು. ಕೇಳಿದೋನು ಯಾವನೂ ಆಮೇಲೆ ದಂಡು ಹೊರಡಿಸಲಿಲ್ಲವಂತೆ.

ಆ ಟೀವಿ ಹೆಂಗಸರೂ ಹಾಗೇ ಕೂಗ್ತಾ ಕೂತಿದಾರೆ ಅನ್ಸುತ್ತೆ ನನಗೆ. ಅಷ್ಟು ದೂರ ನಮ್ಮ ದನಿ ಮುಟ್ಟಲ್ಲ, ಆದ್ರೂ ಯಾರಾದ್ರೂ ಒಬ್ಬರು ಓಗೊಡಬೇಕಲ್ವೇನೇ? ಎಲ್ಲಿ, ಹೂಂ ಅನ್ನು.

ಕೂಸೇ?

ಲೇ ನಮ್ಮವ್ವ, ಇದ್ದೀಯಾ?

ಹಾಂ, ಅಷ್ಟು ಸಣ್ಣಗೆ ಅಂದ್ರೂ ಸಾಕು, ಕೇಳಿಸ್ತು. ಕತೆ ಮುಗೀತು, ಇನ್ನು ಕಣ್ಣು ಮುಚ್ಚು.